ಸೀಮೆಯ ಆಚೆಯ ಹಾವು

ಹುತ್ತಿನಾಳದ ಜನರಿಗೆ ಹಾವಿನ ಭಯವಿಲ್ಲ ಎಂದು ದೇವಾಪುರದಿಂದ ಸುರಪುರದ ಸಂತೆಯವರೆಗೆ ಹೆಸರಿತ್ತು. ಆ ಹೆಸರಿನ ಹಿಂದಿನ ಲೆಕ್ಕ ಕೇಳಿದರೆ ನಗಬೇಕೋ ಉಗುಳಬೇಕೋ ತಿಳಿಯುವುದಿಲ್ಲ. ಊರ ದೇವರು ಹುತ್ತಿನ ಮಲ್ಲಯ್ಯ ಹಿಂದೆ ಯಾವಾಗಲೋ ಮಾತು ಕೊಟ್ಟಿದ್ದಾನಂತೆ, ತನ್ನ ಸೀಮೆಯೊಳಗೆ ಹಾವು ಕಡಿದರೆ ವಿಷ ಏರುವುದಿಲ್ಲವೆಂದು. ಕಡಿಸಿಕೊಂಡವನನ್ನು ಗುಡಿಯ ಕಟ್ಟೆಗೆ ತಂದು ಮಲಗಿಸಿ, ಹಣೆಗೆ ಭಂಡಾರ ಬಳಿದು, ಬೇವಿನ ಸೊಪ್ಪು ಬೀಸುತ್ತಾರೆ. ಎದ್ದು ಕೂತನೋ, ಮಲ್ಲಯ್ಯ ಉಳಿಸಿದ. ಸತ್ತನೋ, ಅವನಿಗೆ ಹಾವು ಕಡಿದದ್ದು ಸೀಮೆಯ ಆಚೆ. ದನ ಕಾಯುವವನು ಆಚೆ ಹೋಗಿದ್ದ, ಹುಲ್ಲಿಗೆ ಹೋದವಳು ಗಡಿಕಲ್ಲು ದಾಟಿದ್ದಳು, ಯಾರೋ ಕಣ್ಣಾರೆ ನೋಡಿದ್ದರು. ಕಣ್ಣಾರೆ ನೋಡಿದವರಿಗೆ ಆ ಊರಲ್ಲಿ ಎಂದೂ ಕೊರತೆಯಿರಲಿಲ್ಲ. ಹೀಗೆ ಸತ್ತವರೆಲ್ಲ ಆಚೆಯವರಾಗಿ, ಬದುಕಿದವರೆಲ್ಲ ಈಚೆಯವರಾಗಿ, ದೇವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಈ ಲೆಕ್ಕ ಕೆಡಿಸಿದವಳು ಮಾನಮ್ಮನ ಸೊಸೆ ಹಣಮಮ್ಮ. ಊರ ನಟ್ಟನಡುವೆ, ಗುಡಿಯ ಗಂಟೆ ಕಿವಿಗೆ ಬಡಿಯುವ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದವಳು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದಳು. ರೆಪ್ಪೆ ಜೋತುಬಿದ್ದವು, ಮಾತು ತೊದಲಿತು, ಮಾನಮ್ಮ ಗದ್ದ ಹಿಡಿದು ಬಿಟ್ಟ ನೀರು ಒಳಗಿಳಿಯದೆ ಕಟವಾಯಿಯಿಂದ ಸುರಿಯಿತು. ಸುರಪುರದ ದವಾಖಾನೆಗೆ ಹೊರಟ ಜೀಪು ಕಾಲುವೆಯ ಸೇತುವೆ ಮುಟ್ಟುವುದರೊಳಗೆ ಉಸಿರು ನಿಂತಿತ್ತು. ಮೈಮೇಲೆ ಗಾಯವಿಲ್ಲ, ಬಾವಿಲ್ಲ. ಮನೆಯೊಳಗೇ ಮಲಗಿದ್ದವಳನ್ನು ಸೀಮೆಯ ಆಚೆ ದಾಟಿಸುವುದು ಎಂಥ ಕಣ್ಣಾರೆ ನೋಡಿದವನಿಂದಲೂ ಆಗಲಿಲ್ಲ. ಹಾಗಾದರೆ ಅದು ಹಾವಲ್ಲ. ಹಾವಲ್ಲ ಅಂದಮೇಲೆ ವಿಷ. ವಿಷ ಅಂದಮೇಲೆ ಅತ್ತೆ. ಭತ್ತದ ಹುಳಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಅವಳ ಮನೆಯ ಮೂಲೆಯಲ್ಲಿತ್ತು. ಊರಿನ ಎಲ್ಲ ಮನೆಗಳ ಮೂಲೆಯಲ್ಲೂ ಇತ್ತು, ಆ ಮಾತು ಬೇರೆ. ಹೆಣ ಕೊಯ್ದವರು ಎಣ್ಣೆಯ ಗುರುತಿಲ್ಲ ಎಂದರು, ಪೊಲೀಸರು ಬಂದು ಚಹಾ ಕುಡಿದು ಹೋದರು. ಊರಿಗೆ ಅವರ್‍ಯಾರ ಸಾಕ್ಷಿಯೂ ಬೇಕಿರಲಿಲ್ಲ.

ಮಾನಮ್ಮನ ಬಾಯಿ ಮೊದಲಿಂದಲೂ ಜೋರು. ಸೊಸೆಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಅದನ್ನೇನು ಮುಚ್ಚಿಟ್ಟವಳೂ ಅಲ್ಲ. ಮೈಗಳ್ಳಿ ಎಂದು ನಲ್ಲಿಯ ಮುಂದೆ ನಾಲ್ಕು ಜನರ ಎದುರಿಗೇ ಬೈದಿದ್ದಳು. ಅವಳು ಸತ್ತಾಗ ಎದೆ ಬಡಿದುಕೊಂಡು ಅತ್ತಿರಲೂ ಇಲ್ಲ. ಊರವರು ಈಗ ಅವಳನ್ನು ಮದುವೆಯ ಮನೆಗಳಲ್ಲಿ ರೊಟ್ಟಿ ಬಡಿಯಲು ಕರೆಯುವುದನ್ನು ಬಿಟ್ಟಿದ್ದರು. ಬಿಡಲಿ, ಅವರ ಹಿಟ್ಟು ಅವರಿಗೇ ಇರಲಿ, ಕುರಿಗಳು ಎಂದು ಅವಳು ಮೂಗು ಮುರಿದಳು. ಆದರೆ ಮಗ ಸಾಬಣ್ಣ ಅವಳ ಕೈಯಿಂದ ಉಣ್ಣುವುದನ್ನು ಬಿಟ್ಟಿದ್ದ. ಅದಕ್ಕೆ ಮೂಗು ಮುರಿಯಲು ಅವಳಿಂದ ಆಗುತ್ತಿರಲಿಲ್ಲ.

ಅವನು ಬೈಯಲಿಲ್ಲ, ಕೇಳಲಿಲ್ಲ. ಬೆಳಿಗ್ಗೆ ದೇವಾಪುರದ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ ತಿನ್ನುತ್ತಿದ್ದ, ಸಂಜೆ ದೊಡ್ಡಪ್ಪ ಮರಿಲಿಂಗಪ್ಪನ ಮನೆಯಲ್ಲಿ ಉಣ್ಣುತ್ತಿದ್ದ, ಮನೆಗೆ ಬಂದು ಮಲಗುತ್ತಿದ್ದ. ಮರಿಲಿಂಗಪ್ಪ ಮಲ್ಲಯ್ಯನ ಪೂಜಾರಿ. ಗಂಡುಮಕ್ಕಳಿಲ್ಲದ ಕಾರಣ ಅವನ ನಂತರ ಪೂಜೆಯ ಪಾಳಿ ಸಾಬಣ್ಣನದೇ. ಮಾನಮ್ಮ ದಿನವೂ ಮಗನ ಪಾಲಿನ ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ಮರುದಿನ ಅದನ್ನು ಎಮ್ಮೆಗೆ ಹಾಕುತ್ತಿದ್ದಳು.

ಆ ಮುಂಗಾರಿನಲ್ಲಿ ಚನ್ನಯ್ಯ ಎಂಬ ಮೇಷ್ಟ್ರು ಊರಿಗೆ ಗಂಟುಬಿದ್ದ. ಯಾದಗಿರಿಯ ಯಾವುದೋ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವನು. ತಲೆಗೆ ಟೊಪ್ಪಿಗೆ, ಮೊಣಕಾಲುದ್ದದ ಬೂಟು, ಕೈಯಲ್ಲೊಂದು ಕೊಕ್ಕೆ ಕೋಲು. ಕಾಲುವೆ ಬಂದಮೇಲೆ ಜೋಳದ ನೆಲವೆಲ್ಲ ಭತ್ತವಾಯಿತು, ಭತ್ತಕ್ಕೆ ಇಲಿ ಬಂದವು, ಇಲಿಗೆ ಯಾವ ಯಾವ ಹಾವು ಬಂದಿವೆ ಎಂದು ಬರೆಯಬೇಕಂತೆ. ಕಪ್ಪೆ ಕಂಡರೂ ಕೂತು ಫೋಟೋ ಹೊಡೆಯುತ್ತಿದ್ದ. ಸಂಬಳ ಕೊಟ್ಟು ಕಪ್ಪೆ ಹಿಂದೆ ಓಡಿಸುವ ಸರ್ಕಾರಕ್ಕೂ ಓಡುವ ಇವನಿಗೂ ಮಾನಮ್ಮ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಭತ್ತದ ಚೀಲ ಸರಿಸಿದಾಗ ಹಿಂದಿನ ಸಂದಿಯಲ್ಲಿ ಅದು ಸುತ್ತಿಕೊಂಡು ಮಲಗಿತ್ತು. ಕರ್‍ರಗೆ ಹೊಳೆಯುವ ಮೈ, ಅಡ್ಡಕ್ಕೆ ಬಿಳಿ ಗೆರೆಗಳು. ಸೊಸೆ ಚಾಪೆ ಹಾಸುತ್ತಿದ್ದ ಜಾಗಕ್ಕೆ ಅಲ್ಲಿಂದ ಒಂದು ಮೊಳ. ಬೇರೆ ಯಾರಾಗಿದ್ದರೂ ಒನಕೆ ಎತ್ತಿ ಜಜ್ಜುತ್ತಿದ್ದರು. ಮಾನಮ್ಮ ಉಸಿರು ಬಿಗಿಹಿಡಿದು ಹಿತ್ತಾಳೆಯ ಹಂಡೆಯನ್ನು ಮೆಲ್ಲಗೆ ಅದರ ಮೇಲೆ ಬೋರಲು ಹಾಕಿ, ಹಂಡೆಯ ಮೇಲೆ ರುಬ್ಬುವ ಗುಂಡು ಹೇರಿದಳು. ಆಮೇಲೆ ಹೊಸಿಲಲ್ಲಿ ನಿಂತು, ಕಾಲುವೆಯ ದಂಡೆಯಲ್ಲಿ ಕೂತಿದ್ದ ಮೇಷ್ಟ್ರನ್ನು ಕರೆತರಲು ಮಗನನ್ನೇ ಓಡಿಸಿದಳು. ಮಗನೂ ನೋಡಲಿ ಎಂಬುದೇ ಅವಳ ಆಸೆ.

ಚನ್ನಯ್ಯ ಹಂಡೆ ಎತ್ತಿದ, ಕೊಕ್ಕೆಯಿಂದ ಹಾವನ್ನು ಹಗುರಕ್ಕೆ ಎತ್ತಿದ, ಗಾಜಿನ ಕೊಳವೆಯೊಳಗೆ ಅದರ ತಲೆ ತೂರಿಸಿ ಬೆನ್ನಿನ ಹುರುಪೆಗಳ ಸಾಲು ಎಣಿಸಿದ. ನಂಬಿಕೆಯಾಗದೆ ಎರಡನೆಯ ಸಲ ಎಣಿಸಿದ. ಮೂಲೆ, ಚೀಲ, ಹಾವು ಎಲ್ಲ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದ. ಫೋಟೋದ ಕೆಳಗೆ ಜಾಗದ ಗುರುತು ತಾನೇ ಬಿತ್ತು. ಆಮೇಲೆ ಹಾವನ್ನು ಬಟ್ಟೆಯ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿದ.

"ಕಟ್ಟುಹಾವಿನ ದಾಯಾದಿ ಇದು," ಎಂದ. "ಮಹಾರಾಷ್ಟ್ರದ ಕಡಿ ಅದ. ಈ ಜಿಲ್ಲಾದಾಗ ಅದ ಅಂತ ಇಲ್ಲಿತನಕ ಯಾರೂ ಬರದಿಲ್ಲ, ಯಮ್ಮಾ. ನಿಮ್ಮ ಮನ್ಯಾಗ ಸಿಕ್ಕದ."

"ಇದು ಕಡದ್ರ ಏನಾಗ್ತದ?" ಎಂದಳು ಮಾನಮ್ಮ.

"ಕಡದದ್ದೇ ಗೊತ್ತಾಗಂಗಿಲ್ರಿ. ಗಾಯ ಕಾಣಂಗಿಲ್ಲ, ಬಾವು ಬರಂಗಿಲ್ಲ. ಮಲಗಿದವರಿಗೇ ಕಡೀತದ. ಹೊಟ್ಟಿ ನೋಯ್ತದ, ರೆಪ್ಪಿ ಬೀಳ್ತಾವ, ಗುಟುಕು ನೀರು ಇಳಿಯಂಗಿಲ್ಲ, ಆಮ್ಯಾಲ ಉಸಿರು ನಿಲ್ತದ."

ಸಾಬಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಒಂದೊಂದು ಮಾತಿಗೂ ಅವನ ಮುಖ ಬಿಳುಪೇರುವುದನ್ನು ಮಾನಮ್ಮ ನೋಡಿದಳು. ಅವಳಿಗೆ ಅಳು ಉಕ್ಕಿ ಬಂತು, ನುಂಗಿಕೊಂಡಳು. ಈ ಮೂಢರ ಮುಂದೆ ಅತ್ತು ಏನು ಪುಣ್ಯ.

"ಬರ್ರಿ ಸರ," ಎಂದು ಮೇಷ್ಟ್ರ ತೋಳು ಹಿಡಿದಳು. "ಇದನ್ನ ಗುಡಿ ಕಟ್ಟಿ ಮ್ಯಾಲ ನಿಂತು ಹೇಳ್ರಿ. ಜೋರಲೆ ಹೇಳ್ರಿ. ಕೆಲವರಿಗೆ ಕಿವಿ ಮಂದ ಅದ."

ಗುಡಿಯ ಕಟ್ಟೆಯ ಮೇಲೆ ಊರ ದೊಡ್ಡವರು ಎಂದಿನಂತೆ ತಂಬಾಕು ತಿಕ್ಕುತ್ತ ಕೂತಿದ್ದರು. ನಡುವೆ ಚಂದ್ರಾಮಪ್ಪ, ಅವನು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಪಕ್ಕದಲ್ಲಿ ಮರಿಲಿಂಗಪ್ಪ, ಹಣೆತುಂಬ ಭಂಡಾರ. ಚನ್ನಯ್ಯ ಚೀಲ ತೋರಿಸಿ, ಎಲ್ಲಿ ಸಿಕ್ಕಿತು, ಕಡಿದರೆ ಏನಾಗುತ್ತದೆ, ಎಲ್ಲವನ್ನೂ ಪಾಠದಂತೆ ಹೇಳಿದ. ರೆಪ್ಪೆಯ ಮಾತು ಬಂದಾಗ ನೀರಿಗೆ ಬಂದಿದ್ದ ಹೆಂಗಸರು ಕೊಡ ಕೆಳಗಿಟ್ಟರು. ಹಣಮಮ್ಮನ ರೆಪ್ಪೆಯನ್ನು ಅವರೂ ನೋಡಿದ್ದರು. ಮಾನಮ್ಮ ಆ ಒಂದು ಗಳಿಗೆಯನ್ನು ಹೊಟ್ಟೆತುಂಬ ಅನುಭವಿಸಿದಳು.

ಚಂದ್ರಾಮಪ್ಪ ತಂಬಾಕು ಬಾಯಿಗೆ ಹಾಕಿಕೊಂಡು, "ಸಾಹೇಬ್ರಿಗೆ ಚಾ ತರ್ರಿ," ಎಂದ. ಆಮೇಲೆ ತಣ್ಣಗೆ ಕೇಳಿದ, "ಇದನ್ನ ಪುಸ್ತಕದಾಗ ಬರಿತೀರೇನ್ರಿ?"

"ಬರಿಬೇಕಲ್ರಿ. ಹುತ್ತಿನಾಳ ಅಂತ ಊರ ಹೆಸರು ಹಾಕಿ ಬರಿತೀನಿ. ದೊಡ್ಡ ಸುದ್ದಿ ಇದು."

"ಅಲ್ಲೇ ತಪ್ಪಾಗ್ಯದ ನೋಡ್ರಿ. ಇದು ಹುತ್ತಿನಾಳದಾಗ ಸಿಕ್ಕಿಲ್ಲ. ಕಾಲುವಿ ಆಚಿ, ಕ್ಯಾಂಪಿನಾಗ ಸಿಕ್ಕದ."

ಚನ್ನಯ್ಯ ಪೆಚ್ಚಾಗಿ ಮಾನಮ್ಮನ ಕಡೆ ನೋಡಿದ. ಕ್ಯಾಂಪು ಎಂದರೆ ಕಾಲುವೆ ಬಂದಾಗ ಆಂಧ್ರದಿಂದ ಬಂದು ಭತ್ತ ಹಾಕಿದವರ ವಸತಿ. ಮಲ್ಲಯ್ಯನ ಸೀಮೆ ಕಾಲುವೆಯ ಈಚೆಯ ದಂಡೆಗೇ ಮುಗಿಯುತ್ತಿತ್ತು.

"ನಾನ ಹಿಡದೀನ್ರಿ, ಆ ಮನ್ಯಾಗ," ಎಂದ ಮೇಷ್ಟ್ರು.

"ಹಿಡದೀರಿ, ಖರೆ. ಆದ್ರ ಕೊಲ್ಲೋ ಹಾವು ನಮ್ಮ ಸೀಮ್ಯಾಗ ಇರಂಗಿಲ್ರಿ," ಎಂದ ಮರಿಲಿಂಗಪ್ಪ, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ಮಲ್ಲಯ್ಯನ ಮಾತದ. ನೀವು ಹಿಂಗ ಬರದ್ರ ನಾಳೆ ನಾಗರ ಪಂಚಮಿಗಿ ಇಲ್ಲಿ ಯಾರು ಬರ್ತಾರ? ಕ್ಯಾಂಪಿನಾಗಿಂದ ಭತ್ತದ ಚೀಲದಾಗ ಬಂದಿರಬೇಕು. ಅಲ್ಲಿದು ಅಂತ ಬರೀರಿ."

"ಇನ್ನೂ ಮಳಿಗಾಲ ಪೂರ್ತಿ ನೀವು ನಮ್ಮ ಹೊಲದಾಗ ತಿರುಗ್ಯಾಡಬೇಕಲ್ರಿ, ಸಾಹೇಬ್ರ," ಎಂದು ಚಂದ್ರಾಮಪ್ಪ ಚಹಾದ ಕಪ್ಪನ್ನು ಅವನ ಕೈಗಿಟ್ಟ.

ಬೆದರಿಕೆ ಅಷ್ಟೇ. ದೊಣ್ಣೆಯಿಲ್ಲ, ಬೈಗುಳವಿಲ್ಲ. ಅಷ್ಟಕ್ಕೇ ಬೂಟಿನ ಪಂಡಿತನ ಬೆನ್ನುಮೂಳೆ ಕರಗಿ ನೀರಾಯಿತು. ವಿಷದ ಹಾವನ್ನು ಹಗುರಕ್ಕೆ ಎತ್ತಿ ಹಿಡಿಯುವ ಗಂಡು, ತಂಬಾಕು ಜಗಿಯುವ ಮುದುಕನ ಮುಂದೆ ಹಲ್ಲು ಗಿಂಜಿದ. ಯೋಚಿಸುವವನಂತೆ ಗದ್ದ ಕೆರೆದುಕೊಂಡ. ಆಮೇಲೆ ಮಾನಮ್ಮನ ಕಡೆ ತಿರುಗಿ, "ಯಮ್ಮಾ, ಕಾಲುವಿ ಆಚೀಕಂದ್ರ ಭಾಳ ದೂರೇನಿಲ್ಲ. ನಕ್ಷೆದಾಗ ಎರಡೂ ಒಂದೇ ಚುಕ್ಕಿ. ಹಾವಿಗೇನು ಸೀಮಿ ಗೊತ್ತದ?" ಎಂದ.

"ಹಾವಿಗೆ ಗೊತ್ತಿಲ್ಲ," ಎಂದಳು ಮಾನಮ್ಮ. "ನಿನಗ ಗೊತ್ತದಲ್ಲ. ಅಷ್ಟು ಓದಿ, ಕಡೀಕ ಈ ಕಟ್ಟಿಗೆ ಬಂದು ಬಾಲ ಮುದುರಿದಿ. ಕಪ್ಪಿ ಹಿಂದ ಓಡೋದೇ ಛಲೋ ಇತ್ತು."

ಅವನು ಕೇಳಿಸದವನಂತೆ ಮೊಬೈಲು ತೆಗೆದು, ಮೂಲೆಯ ಫೋಟೋವನ್ನು ಹೆಬ್ಬೆರಳಿನಿಂದ ಒತ್ತಿ ಅಳಿಸಿದ. ಚಂದ್ರಾಮಪ್ಪ ಬಗ್ಗಿ ನೋಡಿ, ಅಳಿಸಿದ್ದನ್ನು ಖಾತ್ರಿ ಮಾಡಿಕೊಂಡ. ಇನ್ನು ಆಚೆ ಹೋಗಿ ಬೇರೆ ಫೋಟೋ ತೆಗೆಯಬೇಕಿತ್ತು. ಮರಿಲಿಂಗಪ್ಪ ಹಾವಿನ ಚೀಲವನ್ನು ಎತ್ತಿ ಸಾಬಣ್ಣನ ಕಡೆ ಚಾಚಿದ.

"ನೀನ ಒಯ್ಯಪಾ. ನಾಳೆ ಮಲ್ಲಯ್ಯನ್ನ ಮುಟ್ಟಾಂವ ನೀನು."

ಮಾನಮ್ಮ ಮಗನಿಗೆ ಅಡ್ಡ ನಿಂತಳು. "ಎಲ್ಲಿಂದ ತಗದ್ರು ಅನ್ನೋದು ನೀ ನೋಡೀದಿ."

"ನೋಡೀನಿ ಯವ್ವಾ."

"ಹಂಗಾರ ಇಲ್ಲೇ ಹೇಳು."

ಸಾಬಣ್ಣ ದೊಡ್ಡಪ್ಪನ ಕಡೆ ನೋಡಿದ, ಗುಡಿಯ ಕಡೆ ನೋಡಿದ, ಕೊಡ ಕೆಳಗಿಟ್ಟ ಹೆಂಗಸರ ಕಡೆ ನೋಡಿದ. ಆಮೇಲೆ ಚೀಲ ತೆಗೆದುಕೊಂಡು, ತಾಯಿಯನ್ನು ಬಳಸಿ, ಕಾಲುವೆಯ ದಾರಿ ಹಿಡಿದ. ಮೇಷ್ಟ್ರು ಹಿಂದೆ ಹೋದ, ಅವನ ಹಿಂದೆ ಅರ್ಧ ಊರು. ಸೇತುವೆ ದಾಟಿ, ಕ್ಯಾಂಪಿನ ಬದುವಿನ ಮೇಲೆ ಹಾವು ಬಿಟ್ಟು, ಹೊಸ ಗುರುತು ಬೀಳುವಂತೆ ಫೋಟೋ ತೆಗೆದರು. ಕ್ಯಾಂಪಿನವರನ್ನು ಒಂದು ಮಾತು ಕೇಳುವ ಸೌಜನ್ಯವೂ ಯಾರಿಗೂ ಇರಲಿಲ್ಲ. ಅದು ಅಲ್ಲಿಯವರನ್ನು ಕಡಿದರೆ? ಅವರಿಗೇನು ಮಲ್ಲಯ್ಯ ಮಾತು ಕೊಟ್ಟಿದ್ದಾನೆಯೇ, ಇರಲಿ ಬಿಡಿ. ಹೆಂಗಸರು ಕೊಡ ಎತ್ತಿಕೊಂಡರು. ಮಾನಮ್ಮನ ಪಕ್ಕದಿಂದ ಹಾದುಹೋಗುವಾಗ, ಹಿಂದೆ ಮಾಡುತ್ತಿದ್ದಂತೆಯೇ ಸೆರಗು ಎಳೆದುಕೊಂಡರು.

ಹೊತ್ತು ಮುಳುಗುವ ಮುಂಚೆ ಸಾಬಣ್ಣ ಮನೆಗೆ ಬಂದ. ಮಾನಮ್ಮ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು. ಅವನು ಬಾಗಿಲು ಹಾಕಿ, ಚಿಲಕ ಇಟ್ಟು, ಅವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಯವ್ವಾ, ರೊಟ್ಟಿ ಹಾಕು," ಎಂದ.

ಹಣಮಮ್ಮ ಸತ್ತಂದಿನಿಂದ ಅವಳು ಕಾದದ್ದು ಈ ಮಾತಿಗೆ. ಮಧ್ಯಾಹ್ನದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳ ಕೈ ತಾಳ ತಪ್ಪಿ ಮೊದಲ ರೊಟ್ಟಿ ಹರಿಯಿತು. ಎರಡನೆಯದನ್ನು ಚಂದ ಬಡಿದು, ಬೇಯಿಸಿ, ಗಂಗಾಳದಲ್ಲಿಟ್ಟು, ಪಕ್ಕಕ್ಕೆ ಪುಂಡಿಪಲ್ಯ, ಹಸಿಮೆಣಸಿನ ಚಟ್ನಿ ಹಾಕಿದಳು. ಮಗನ ಮುಂದೆ ಇಡಲು ಕೈ ಚಾಚಿದಾಗ ಚಿಲಕ ಕಣ್ಣಿಗೆ ಬಿತ್ತು. ಹಗಲಿನಲ್ಲಿ ಆ ಮನೆಯ ಬಾಗಿಲಿಗೆ ಯಾವತ್ತೂ ಚಿಲಕ ಬಿದ್ದದ್ದಿಲ್ಲ.

"ಚಿಲಕ ಯಾಕ?" ಎಂದಳು.

ಸಾಬಣ್ಣ ನೆಲ ನೋಡಿದ. "ನನಗ ಗೊತ್ತದ ಯವ್ವಾ. ನೀ ಏನೂ ಮಾಡಿಲ್ಲ. ದಿನಾ ಮನ್ಯಾಗೇ ಉಣ್ತೀನಿ ಇನ್ನ. ಹೊರಗಿನವರಿಗೆ ಯಾಕ ತೋರಿಸೋದು?"

ಮಾನಮ್ಮ ಗಂಗಾಳ ಎತ್ತಿಕೊಂಡು ಎದ್ದಳು. ಚಿಲಕ ತೆಗೆದು, ಬಾಗಿಲು ಪೂರ್ತಿ ತೆರೆದು, ಹೊರಗಿನ ಕಟ್ಟೆಯ ಮೇಲೆ ಗಂಗಾಳ ಇಟ್ಟಳು. ಎದುರಿನ ಗುಡಿಯ ಕಟ್ಟೆಯಲ್ಲಿ ಚಂದ್ರಾಮಪ್ಪ, ಮರಿಲಿಂಗಪ್ಪ, ಇನ್ನೂ ನಾಲ್ಕು ಜನ ಮಾತು ನಿಲ್ಲಿಸಿ ಇತ್ತ ನೋಡಿದರು.

"ಇಲ್ಲಿ ಕುಂತು ಉಣ್ಣು," ಎಂದಳು.

ಸಾಬಣ್ಣ ಹೊಸಿಲ ತನಕ ಬಂದ. ಒಂದು ಕಾಲು ಎತ್ತಿದವನು ದೊಡ್ಡಪ್ಪನ ಹಣೆಯ ಭಂಡಾರ ಕಂಡು ನಿಂತ. "ಒಳಗ ತಾ ಯವ್ವಾ," ಎಂದ ಸಣ್ಣ ದನಿಯಲ್ಲಿ. "ನಿನಗ ಕೈ ಮುಗಿತೀನಿ. ಒಳಗ ಉಣ್ತೀನಿ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಊರನ್ನು, ಮೇಷ್ಟ್ರನ್ನು, ಪೂಜಾರಿಯನ್ನು ಹೇಗೆ ನೋಡುತ್ತಿದ್ದಳೋ ಹಾಗೆಯೇ. ಇಷ್ಟು ದಿನ ಆ ನೋಟ ಮಗನೊಬ್ಬನ ಮೇಲೆ ಮಾತ್ರ ಬಿದ್ದಿರಲಿಲ್ಲ.

"ಕಳ್ಳ ತಿಂದಂಗ ತಿನ್ನೋ ರೊಟ್ಟಿ ನಾ ಬಡದಿಲ್ಲ," ಎಂದಳು. "ಹೋಗು. ನಿಮ್ಮ ದೊಡ್ಡಪ್ಪನ ಮನ್ಯಾಗ ನಿನ್ನ ಪಾಲಿಂದು ಇಟ್ಟಿರ್ತಾರ."

ಕಟ್ಟೆಯ ಮೇಲೆ ಕೂತು, ಗಂಗಾಳವನ್ನು ತನ್ನ ಕಡೆ ಎಳೆದುಕೊಂಡಳು. ಎದುರಿನವರೆಲ್ಲ ನೋಡುತ್ತಿದ್ದಂತೆಯೇ ರೊಟ್ಟಿ ಮುರಿದು, ಪಲ್ಯ ಸುತ್ತಿ, ನಿಧಾನಕ್ಕೆ ಅಗಿದು ಉಂಡಳು. ಕಣ್ಣಲ್ಲಿ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಸಾಬಣ್ಣ ಹೊಸಿಲಿನ ಒಳಗೆ ಹಸಿದುಕೊಂಡೇ ನಿಂತಿದ್ದ.