ಸಂದಿಗೆ ಬಿದ್ದ ತೂತು

ಗಾಬರಿಯಲ್ಲಿ ಹೊಡೆದ ಮೂರನೆಯ ಮೊಳೆಯೂ ಅಂಗೈಯಗಲದ ಗಾರೆಯ ಚಕ್ಕೆಯೊಂದಿಗೆ ಕಿತ್ತು ಬಂತು. ಷಡಕ್ಷರಿ ಸುತ್ತಿಗೆ ಬಿಸಾಡಿ, ಮುಂದಕ್ಕೆ ವಾಲಿದ ಸೋದರಮಾವ ರುದ್ರಯ್ಯನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ರುದ್ರಯ್ಯ ಸತ್ತು ಒಂದು ಗಂಟೆಯಾಗಿತ್ತು. ಮೈ ಸೆಟೆಯುವ ಮೊದಲು ಚಕ್ಕಂಬಕ್ಕಲ ಹಾಕಿಸಿ, ಗೋಡೆಗೆ ಒರಗಿಸಿ, ಹಣೆಗೆ ಸುತ್ತಿದ ಬಟ್ಟೆಯನ್ನು ಹಿಂದಿನ ಮೊಳೆಗೆ ಬಿಗಿಯಬೇಕು. ಕೂತೇ ಮಣ್ಣಿಗೆ ಹೋಗುವ ಜನ ಅವರದು. ತಡವಾದರೆ ಹೆಣ ಸೊಟ್ಟಗೆ ಸೆಟೆದು ಸೊಟ್ಟಗೇ ಗುಂಡಿಗೆ ಇಳಿಯುತ್ತದೆ. ಹೊಳೆನರಸೀಪುರದಿಂದ ಹಾಸನದವರೆಗೆ ಸಿಕ್ಕಸಿಕ್ಕ ಗೋಡೆಗೆಲ್ಲ ಕೊಂಡಿ ಕೂರಿಸಿದ ಮನುಷ್ಯ ತನ್ನ ಮನೆಗೆ ಒಂದನ್ನೂ ಹಾಕಿಕೊಂಡಿರಲಿಲ್ಲ.

ಪಕ್ಕದ ಮನೆಯ ಮುದುಕ ತಮ್ಮಯ್ಯ ಜಗಲಿಯಿಂದಲೇ, "ಬದುಕಿರೋಗಂಟ ಯಾರಿಗೂ ತಲೆ ಬಗ್ಗಿಸ್ಲಿಲ್ಲ. ಈಗ ನೋಡಿ, ಬಂದೋರ್ಗೆಲ್ಲ ಬಗ್ಗಿಸ್ತಾವ್ನೆ," ಎಂದ. ಇಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಳುವುದಕ್ಕಲ್ಲ.

ರುದ್ರಯ್ಯನ ಹೆಂಡತಿ ರೇವಮ್ಮ ಎದ್ದಳು. ಲಕ್ಕಯ್ಯನನ್ನು ಕರೆಯುತ್ತೇನೆ ಎಂದಳು. ಲಕ್ಕಯ್ಯ ಆ ಮನೆಯ ಹೊಸಿಲು ತುಳಿದು ಎಂಟು ವರ್ಷವಾಗಿತ್ತು. ಸುದ್ದಿ ಕೇಳಿ ಹರದನಹಳ್ಳಿಯಿಂದ ಬಂದವನು ರಸ್ತೆಯಾಚೆ ಹೊಂಗೆಮರದಡಿ ನಿಂತಿದ್ದ. ಒಳಗೆ ಬಂದಿರಲಿಲ್ಲ.

* * *

ಅದಕ್ಕೆ ಮೊದಲು ಹತ್ತು ವರ್ಷ ಇಬ್ಬರೂ ಜೊತೆ ಕೆಲಸಗಾರರು, ಇಬ್ಬರಿಗೂ ಸೇರಿ ಒಂದೇ ಸೈಕಲ್ಲು. ರುದ್ರಯ್ಯ ತುಳಿಯುವನು, ಲಕ್ಕಯ್ಯ ಉಳಿಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುವನು. ಅರಕಲಗೂಡಿನ ಸ್ಕೂಲಿನ ಗಂಟೆ, ಹಾಸನದ ವಕೀಲರ ಮನೆಗಳಿಗೆ ಹೊಸದಾಗಿ ಬಂದ ಕರೆಂಟು ದೀಪ ತೂಗುವ ಕಬ್ಬಿಣದ ಕೈಗಳು, ಎಲ್ಲ ಅವರೇ ಕೂರಿಸಿದ್ದು.

ರುದ್ರಯ್ಯ ಗಾರೆಯ ಮೇಲೆ ಇದ್ದಿಲಲ್ಲಿ ಗುರುತು ಹಾಕುವನು. ಲಕ್ಕಯ್ಯ ಏಟಿಗೊಂದು ಸಲ ಉಳಿ ತಿರುಗಿಸುತ್ತ ತೂತು ಕೊರೆದು, ಊದುಗೊಳವೆಯಲ್ಲಿ ಪುಡಿ ಊದಿ ತೆಗೆಯುವನು. ಆಮೇಲೆ ಬೋಲ್ಟು. ಅದರ ಬಾಲ ಎರಡು ಸೀಳು. ಸೀಳಿನ ಬಾಯಲ್ಲಿ ಸಣ್ಣ ಕಬ್ಬಿಣದ ಬೆಣೆ. ತೂತಿಗಿಟ್ಟು ಹೊಡೆದರೆ ಬೆಣೆ ತಳಕ್ಕೆ ತಾಕಿ ಸೀಳಿನೊಳಕ್ಕೆ ನುಗ್ಗುತ್ತದೆ, ಬಾಲ ಅಗಲವಾಗಿ ಗೋಡೆಯನ್ನು ಒಳಗಿನಿಂದ ಕಚ್ಚುತ್ತದೆ. ತಳದಲ್ಲಿ ಚಿಟಿಕೆ ಪುಡಿ ಉಳಿದರೂ ಬೆಣೆ ಮೆತ್ತಗೆ ಕೂತುಬಿಡುತ್ತದೆ, ಕಚ್ಚುವುದಿಲ್ಲ.

ಮಧ್ಯಾಹ್ನ ಹೇಮಾವತಿಯ ಮರಳಲ್ಲಿ ಕೂತು ಒಂದೇ ಗಂಟಿನ ರೊಟ್ಟಿ ತಿನ್ನುವರು. ಸುಣ್ಣದ ಪುಡಿಯಲ್ಲಿ ಬೆಳ್ಳಗಾದ ಲಕ್ಕಯ್ಯನ ಮುಖ ನೋಡಿ ರುದ್ರಯ್ಯ, "ಜಂಗಮ್ನಂಗೆ ಕಾಣ್ತೀಯ ಕಣ್ಲಾ, ಕಾಲಿಗೆ ಬೀಳ್ಲಾ?" ಎಂದು ನಗುವನು.

ಮೂವತ್ತಾರನೇ ಇಸವಿಯಲ್ಲಿ ಚನ್ನರಾಯಪಟ್ಟಣದ ಒಂದು ಛತ್ರಕ್ಕೆ ಗಂಟೆ ಹಾಕಿದರು. ಮೂರನೇ ದಿನ ಅದು ಬೋಲ್ಟಿನ ಸಮೇತ ಕಿತ್ತುಬಂದು ಅಡಿಗೆಯವನ ಭುಜ ಮುರಿಯಿತು. ಸೇರಿದ ಜನರೆದುರು ರುದ್ರಯ್ಯ, "ಲಕ್ಕ ಪುಡಿ ಊದಿಲ್ಲ," ಎಂದುಬಿಟ್ಟ. ಊದಿದ್ದೆ ಎಂದು ಲಕ್ಕಯ್ಯ ಆಣೆ ಇಟ್ಟ. ಯಾವನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಅವನನ್ನು ಗೋಡೆಯ ಕೆಲಸಕ್ಕೆ ಒಬ್ಬರೂ ಕರೆಯಲಿಲ್ಲ. ಒಳ್ಳೆಯ ಕೈಯ ಆಳು ರಸ್ತೆ ಬದಿ ಕೂತು ಜಲ್ಲಿ ಒಡೆದ.

* * *

ರೇವಮ್ಮ ಹೊಂಗೆಮರದ ಹತ್ತಿರ ಹೋಗಿ, ಕೂರಿಸಬೇಕು, ಬಾ ಎಂದಳು.

"ನಾನು ಪುಡಿ ಊದದೋನು ಕಣಕ್ಕ. ಇನ್ಯಾರನ್ನಾರ ಕರ್ಕೊ."

ಅವಳು ಹಿಂದಕ್ಕೆ ಹೋಗಲಿಲ್ಲ. ಬಿಸಿಲಲ್ಲಿ ನಿಂತೇ ಇದ್ದಳು. ಕೊನೆಗೆ ಲಕ್ಕಯ್ಯನೇ ಮುಂದೆ ನಡೆದ.

ರುದ್ರಯ್ಯನನ್ನು ಕೊಂಚ ಪಕ್ಕಕ್ಕೆ ಸರಿಸಿದರು. ಲಕ್ಕಯ್ಯ ಮೂಲೆಯಲ್ಲಿದ್ದ ಹಳೆಯ ಉಳಿಚೀಲದಿಂದ ಉಳಿ ತೆಗೆದು ಗಾರೆಯ ಮೇಲೆ ಇಟ್ಟ. ಮಾವನ ತಲೆ ಹಿಡಿದೇ ಕೂತಿದ್ದ ಷಡಕ್ಷರಿ ತಡೆದ.

"ಮೊದ್ಲು ಗಾರೆ ಕೆರ್ದು ಇಟ್ಗೆ ನೋಡ್ಬೇಕು ಕಣಣ್ಣ. ಎರಡಿಟ್ಗೆ ಸಂದಿಗೆ ತೂತು ಬಿದ್ರೆ ಎಷ್ಟು ಊದಿದ್ರೂ ಕಿತ್ಕೊಂಡ್ ಬತ್ತದೆ. ಮಾವ ಕೆರೀದೆ ಗುರುತೇ ಹಾಕ್ತಿರ್ಲಿಲ್ಲ."

ಲಕ್ಕಯ್ಯನ ಕೈ ನಿಂತಿತು. ಅವನಿದ್ದ ಹತ್ತು ವರ್ಷದಲ್ಲಿ ರುದ್ರಯ್ಯ ಒಮ್ಮೆಯೂ ಗಾರೆ ಕೆರೆದವನಲ್ಲ.

"ಯಾವಾಗ್ನಿಂದ್ಲಾ?"

"ಛತ್ರದ ಗಂಟೆ ಬಿದ್ದ ವಾರಕ್ಕೆ ನಾನು ಸೇರ್ಕಂಡೆ. ಮೊದ್ಲು ಹೇಳ್ಕೊಟ್ಟಿದ್ದೇ ಅದು."

ಲಕ್ಕಯ್ಯ ಸತ್ತವನ ಮುಖ ನೋಡಿದ. ಆಮೇಲೆ ರೇವಮ್ಮನ ಮುಖ. ಅವಳು ಅವನಿಗೆ ಹೇಳಲಿಲ್ಲ. ಬಾಗಿಲಿಗೆ ಹೋಗಿ ಜಗಲಿಯವರಿಗೆ ಹೇಳಿದಳು.

"ಲಕ್ಕಯ್ಯ ಊದಿದ್ದ. ಗುರುತು ಹಾಕಿದ್ದು ನಮ್ಮೋರು, ಸಂದಿನ ಮೇಲೆ. ಆಮೇಲೊಂದಿನ ಒಬ್ರೇ ಛತ್ರಕ್ಕೋಗಿ ಆ ತೂತು ನೋಡ್ಕಂಡ್ ಬಂದಿದ್ರು. ಎರಡು ದಿನ ಉಣ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ."



ಲಕ್ಕಯ್ಯ ಗಾರೆ ಕೆರೆದ. ಇಟ್ಟಿಗೆಯ ನಡುಮಧ್ಯ ಕೊರೆದ, ಊದಿದ, ಬೋಲ್ಟು ಹೊಡೆದ. ಕೊನೆಯ ಏಟಿನ ಸದ್ದು ಬದಲಾಯಿತು, ಬಾಲ ಕಚ್ಚಿತ್ತು.

ಷಡಕ್ಷರಿ ಬಟ್ಟೆ ಕಟ್ಟಲು ಕೈ ಚಾಚಿದ. ಲಕ್ಕಯ್ಯ ತಡೆದು, ಬೋಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಅದಕ್ಕೇ ಹಾಕಿ, ಮೊಣಕಾಲು ಮಡಿಸಿ ನೆಲ ಬಿಟ್ಟ. ಕೂತ ರುದ್ರಯ್ಯನ ಪಕ್ಕದಲ್ಲಿ, ಅವನ ತಲೆಯ ಸಮಕ್ಕೆ, ಅವನಂತೆಯೇ ಕಾಲು ಮಡಿಸಿ, ಗಾಳಿಯಲ್ಲಿ ಕೂತ ಹಾಗೆ ತೂಗಿದ. ಗೋಡೆಯಿಂದ ಒಂದು ಕಾಳು ಗಾರೆಯೂ ಉದುರಲಿಲ್ಲ. ಇಳಿ ಎಂದು ಯಾರೂ ಹೇಳಲಿಲ್ಲ, ಅವನೂ ಇಳಿಯಲಿಲ್ಲ.