ಗಾಜಿನ ಹಿಂದೆ ನೀಲಿ ಬಟ್ಟಲು

ಮತ್ತೆ ಶೂ ಬಿಚ್ಚಬೇಕು — ಮೂರನೆಯ ಮ್ಯೂಸಿಯಂ, ಮತ್ತೆ ಬಗ್ಗುವುದು, ಮಂಡಿ ಕಟಕಟ ಎನ್ನುತ್ತದೆ, ಹಾಕಿಕೊಳ್ಳಲು ಇಟ್ಟ ಸ್ಲಿಪ್ಪರ್ ತಣ್ಣಗಿದೆ, ಯಾರ್ಯಾರ ಕಾಲು ಹೊಕ್ಕಿದೆಯೋ, ಈ ನಾದಿನಿ ಮಿಸಾಯೊಗೆ ಎಪ್ಪತ್ತಾದರೂ ಕಾಲಲ್ಲಿ ಚಕ್ರ, ಬನ್ನಿ ಅತ್ತಿಗೆ, ಮನೇಲಿ ಕೂತು ಏನ್ ಮಾಡ್ತೀರಾ, ಈ ಕನಜವಾ ಊರಲ್ಲೇ ಹುಟ್ಟಿ ಒಂದು ಮ್ಯೂಸಿಯಮ್ಮೂ ನೋಡಿಲ್ಲ ಅಂದ್ರೆ ಜನ ನಗ್ತಾರೆ, ನಗಲಿ, ಈ ಮುದುಕಿ ಶಿಜುನೊಗೇನಂತೆ, ಬೆಳಗ್ಗೆ ಗ್ರಾಮಫೋನು ನೋಡಿದ್ದಾಯಿತು, ಆಮೇಲೆ ಮಿಠಾಯಿ ಅಚ್ಚು, ಗೋಡೆ ತುಂಬ ಮರದ ಮೀನು, ಮರದ ಆಮೆ, ಬಾಯಿಗಿಡಲು ಒಂದು ಚೂರು ಮಿಠಾಯಿ ಇಲ್ಲ, ಈ ಊರಲ್ಲಿ ಯಾವುದನ್ನಾದರೂ ಬಳಸುವುದು ಬಿಟ್ಟದ್ದೇ ತಡ, ಅದಕ್ಕೊಂದು ಕೋಣೆ, ಒಂದು ದೀಪ, ತಲೆಬಾಗಲು ಒಬ್ಬ ಮನುಷ್ಯ, ಬದುಕಿರುವ ಮುದುಕಿಗೆ ಮಾತ್ರ ಕೂರಲು ಒಂದು ಕುರ್ಚಿ ಇಲ್ಲ.

ಇದು ಅನ್ನದ ಬಟ್ಟಲುಗಳದ್ದು, ಮೊದಲು ಅಕ್ಕಿ ಅಂಗಡಿಯಾಗಿತ್ತು, ತೌಡಿನ ವಾಸನೆ ಇನ್ನೂ ಹೋಗಿಲ್ಲ, ಮನೆಮನೆಯವರು ಕೊಟ್ಟ ಬಟ್ಟಲುಗಳು ಗಾಜಿನ ಹಿಂದೆ ಸಾಲಾಗಿ ಕೂತಿವೆ, ಪ್ರತಿಯೊಂದರ ಮುಂದೆ ಕೊಟ್ಟವರ ಹೆಸರು, ಮಿಸಾಯೊ ಹುಡುಗಿಯಂತೆ ಮುಂದೋಡುತ್ತಾಳೆ, ಇಲ್ಲಿ ನೋಡಿ ಅತ್ತಿಗೆ, ನಿಮಗೆ ಹೇಳ್ದೆ ಮುಚ್ಚಿಟ್ಟಿದ್ದೆ, ಖುಷಿಯಾಗತ್ತೆ ನಿಮಗೆ — ನೀಲಿ. ಗೆರೆಗೆರೆ ನೀಲಿ, ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕು, ಆ ಮುಕ್ಕು ಮಾಡಿದವಳು ಶಿಜುನೊನೇ, ಮದುವೆಯಾದ ಹೊಸತರಲ್ಲಿ ತೊಳೆಯುವಾಗ, ಅಂದಿನಿಂದ ಗಂಡನ ತುಟಿಗೆ ತಾಗದ ಹಾಗೆ ಮುಕ್ಕನ್ನು ಆಚೆ ತಿರುಗಿಸಿಯೇ ಕೊಟ್ಟಳು, ಜೀವಮಾನವಿಡೀ, ಇವರೋ ಅದನ್ನೇ ದೀಪಕ್ಕೆದುರು ಮಾಡಿಟ್ಟಿದ್ದಾರೆ, ಊರೆಲ್ಲ ನೋಡಲಿ ಅಂತ. ಮುಂದಿನ ಚೀಟಿಯಲ್ಲಿ ಗಂಡನ ಹೆಸರು, ತೊಕುಜಿಯ ಬಟ್ಟಲು, ಕೊಟ್ಟವರು ತಂಗಿ ಮಿಸಾಯೊ — ತಂಗಿ! ಹೆಂಡತಿ ಎಂಬವಳೊಬ್ಬಳು ಇರಲೇ ಇಲ್ಲವೇ, ಆದರೆ ಇದು ಒಡೆದಿತ್ತಲ್ಲ, ಒಡೆದದ್ದನ್ನು ಕಿವಿಯಾರೆ ಕೇಳಿದ್ದಳಲ್ಲ, ಮೂರು ವರ್ಷದ ಹಿಂದಿನ ಫೆಬ್ರವರಿ, ಮೆಟ್ಟಿಲ ಮೇಲೆ ಹಿಮ, ಹೆಣದ ಪೆಟ್ಟಿಗೆ ಮನೆ ದಾಟುವಾಗ ಸತ್ತವನ ಬಟ್ಟಲನ್ನು ಕಲ್ಲಿಗೆ ಹೊಡೆಯಬೇಕು, ಇನ್ನು ಇಲ್ಲಿ ನಿನಗೆ ಅನ್ನವಿಲ್ಲ, ತಿರುಗಿ ನೋಡದೆ ಹೋಗು, ನೀವು ಬಿಡಿ ಅತ್ತಿಗೆ, ನಾನೇ ಒಡೀತೀನಿ ಅಂತ ಮಿಸಾಯೊ ಬಟ್ಟೆಯಲ್ಲಿ ಸುತ್ತಿ ತಂದಳು, ಠಳ್, ಶಿಜುನೊ ತಲೆಯೆತ್ತಲಿಲ್ಲ, ಹಿಮದ ಮೇಲೆ ಒಂದು ಕೆಂಪು ಕಂಡಿತು, ತ್ಸುಬಾಕಿ ಹೂವಿನ ಎಸಳು ಅಂದುಕೊಂಡಳು, ಹೋಗುವ ದಾರಿಗೆ ಒಂದೆಸಳಾದರೂ ಬಿತ್ತಲ್ಲ ಅಂತ ಅತ್ತಳು.

ಏನೇ ಇದು, ಒಡೆದೆ ಅಂದಿದ್ದೆಯಲ್ಲ. ಅಯ್ಯೋ ಅತ್ತಿಗೆ, ಒಡಹುಟ್ಟಿದೋನ ಬಟ್ಟಲು, ನನ್ ಕೈಯಲ್ಲಿ ಹೆಂಗಾಗತ್ತೆ. ಮತ್ತೆ ಒಡೆದದ್ದೇನು? ಏನೋ, ಕೈಗೆ ಸಿಕ್ಕಿದ್ದು, ಜನ ಕಾಯ್ತಿದ್ರು, ಪೂಜೆಗೆ ಬಂದ ಭಿಕ್ಷುಗಳು ಹೊರಟು ನಿಂತಿದ್ರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು, ಕೈಗೆ ಸಿಕ್ಕಿದ್ದಂತೆ, ಆ ಶೆಲ್ಫಿನಲ್ಲಿ ಇದ್ದದ್ದೇ ಎರಡು, ಜೋಡಿ, ದೊಡ್ಡ ನೀಲಿ ಅವನದು, ಚಿಕ್ಕ ಕೆಂಪು ಶಿಜುನೊದು, ಮಾರನೆಯ ದಿನ ಕೆಂಪು ಕಾಣಲಿಲ್ಲ, ಪಾತ್ರೆ ತೊಳೆಯೋಕೆ ಬಂದೋರು ಎಲ್ಲೋ ಇಟ್ಟಿರ್ತಾರೆ, ಒಂಟಿ ಬಟ್ಟಲು ಇಟ್ಕೊಂಡು ಏನ್ ಮಾಡ್ತೀರಾ ಬಿಡಿ ಅಂದಿದ್ದಳು ಇದೇ ಬಾಯಲ್ಲಿ, ಉಂಡ ಮನೆಯ ಜಂತೆ ಎಣಿಸುವವಳು, ಮೂರು ವರ್ಷ ಶಿಜುನೊ ತನ್ನ ಮನೆಯಲ್ಲಿ ತಾನೇ ನೆಂಟಳಂತೆ ನೆಂಟರ ಬಟ್ಟಲಲ್ಲಿ ಉಂಡಳಲ್ಲ, ಅವನು ಬರುವುದಿಲ್ಲ ಅಂತ ದಿನಾ ಚಿಲಕ ಹಾಕಿ ಮಲಗಿದಳಲ್ಲ, ಹೋಗು ಅಂತ ಯಾರೂ ಹೇಳಿಯೇ ಇಲ್ಲದವನು ಆ ಬಾಗಿಲಾಚೆ ಎಷ್ಟು ಸಲ ಬಂದು ನಿಂತನೋ, ಹಸಿದುಕೊಂಡು. ತೆಗೀರಿ ಈ ಗಾಜು, ಈಗಲೇ, ಅಂದಳು, ಮ್ಯೂಸಿಯಮ್ಮಿನವನು ಸೊಂಟದವರೆಗೆ ಬಾಗಿದ, ದಯವಿಟ್ಟು ಕ್ಷಮಿಸ್ಬೇಕು ಅಮ್ಮ, ಕೊಟ್ಟವರು ಕೇಳಿದ್ರೆ ಮಾತ್ರ ತೆಗೀಬಹುದು, ಕೊಟ್ಟವಳು ಪಕ್ಕದಲ್ಲೇ ನಿಂತಿದ್ದಾಳೆ, ಇಲ್ಲಿದ್ರೆ ಭದ್ರವಾಗಿರತ್ತೆ ಅತ್ತಿಗೆ, ಭದ್ರವಂತೆ, ಅಣ್ಣನನ್ನು ಒಡೆಯಲು ಕೈ ಬರಲಿಲ್ಲ, ಅತ್ತಿಗೆಯನ್ನು ಒಡೆಯಲು ಬಂತು, ಹಾಗಾದರೆ ಆ ದಿನ ಇನ್ನು ಇಲ್ಲಿ ಅನ್ನವಿಲ್ಲ ಅಂದದ್ದು ಯಾರಿಗೆ, ತಿರುಗಿ ನೋಡಬೇಡ ಅಂದದ್ದು ಯಾರಿಗೆ, ಹೇಳೇ, ಯಾವ ಬಟ್ಟಲು ಒಡೆದೆ, ನಿನ್ನ ಬಾಯಲ್ಲೇ ಹೇಳು, ಮಿಸಾಯೊ ಬಗ್ಗಿ ತನ್ನ ಸ್ಲಿಪ್ಪರ್ ಸರಿಮಾಡಿಕೊಳ್ಳುತ್ತಾಳೆ, ಅವಳು ಹೇಳಬೇಕಾಗಿಯೂ ಇಲ್ಲ — ತ್ಸುಬಾಕಿ ಎಸಳೆಸಳಾಗಿ ಉದುರುವ ಹೂವಲ್ಲ, ಬಿದ್ದರೆ ಇಡೀ ಹೂವೇ ಬೀಳುತ್ತದೆ, ಅದು ಈ ಊರಿನ ಮಗುವಿಗೂ ಗೊತ್ತು, ಶಿಜುನೊಗೂ ಗೊತ್ತಿತ್ತು, ಆದರೂ ಎಸಳು ಅಂದುಕೊಂಡಳು, ಮೆಟ್ಟಿಲು, ಹಿಮ, ಹಿಮದ ಮೇಲೆ ಒಂದು ಕೆಂಪು ಚೂರು