ಬೂಬುವಿನ ಮೂಗು

ಲೋಸಲಿನಿ ಬೂಬು ಯಾವ ಬಾಗಿಲನ್ನೂ ನೇರವಾಗಿ ದಾಟಿದವಳಲ್ಲ. ಹೊಸ್ತಿಲಲ್ಲಿ ನಿಂತು, ಕತ್ತು ಓರೆ ಮಾಡಿ, ಮೂರು ಸಲ ಮೂಸಿ, ಆಮೇಲೆ ಬಲಗಾಲನ್ನು ತುಸು ಎಳೆಯುತ್ತ ಒಳಗೆ ಬರುವಳು. ನಮ್ಮ ದ್ವೀಪದ ಮೀನು ಡಬ್ಬಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೀನು ಸೀಳಿದ ಆಕೆ ನಮಗೆಲ್ಲ ಬೂಬು, ಅಂದರೆ ಅಜ್ಜಿ. ಬಿಸಿಲಿರಲಿ ಮಳೆಯಿರಲಿ, ಸೊಂಟದಲ್ಲೊಂದು ಒದ್ದೆ ಬಟ್ಟೆ ಇದ್ದೇ ಇರುತ್ತಿತ್ತು.

"ಬೂಬು, ನಿನ್ ಮೂಗಿಗೂ ಬೇರೆ ಸಂಬಳ ಇದ್ಯಾ?" ಎಂದು ಹುಡುಗಿಯರು ಕಾಡುವರು.

"ನಗ್ರೇ, ನಗ್ರಿ. ನನ್ ಮೂಗು ಕಟ್ಟಿದ ದಿನ ಅಳ್ತೀರಂತೆ."

ಹತ್ತು ಗಂಟೆಯ ಚಹಾಕ್ಕೆ ಗೇಟಿನ ಬಳಿಯ ಮಾವಿನ ನೆರಳಿನಲ್ಲಿ ಸೇರುತ್ತಿದ್ದೆವು. ಅತ್ತೆ ನನ್ನ ಆರು ತಿಂಗಳ ಕೂಸನ್ನು ಹಾಲಿಗೆಂದು ಅಲ್ಲಿಗೇ ತರುವರು. ಬೇಯಿಸಿದ ಮರಗೆಣಸು ಹಂಚುತ್ತ ಬೂಬು ಆಡುವ ಮಾತು ಎಲ್ಲೆಲ್ಲೋ ಸುತ್ತಿ ಶೀತಲಗೃಹದ ಅಮೋನಿಯಾ ಅನಿಲಕ್ಕೇ ಬಂದು ನಿಲ್ಲುತ್ತಿತ್ತು. ಅನಿಲ ಸೋರಿ ಗಂಟೆ ಹೊಡೆದರೆ ಗೇಟಿಗೆ ಓಡಿ ಎನ್ನುತ್ತಿತ್ತು ಗೋಡೆಯ ಫಲಕ.

"ಮೊದ್ಲು ಹಗ್ಗದ್ ಮೇಲಿನ ಬಟ್ಟೆ ಯಾವ ಕಡೆ ಹಾರ್ತಿದೆ ನೋಡ್ರೇ. ಆ ಗಾಳಿಗೆ ಅಡ್ಡವಾಗಿ ಓಡಿ, ಗುಡ್ಡ ಹತ್ತಿ. ಹಿಂದೊಂದ್ ಸಲ ಸೋರ್ದಾಗ ನನ್ ಗೆಳತಿ ವಿಕಾ ಗೇಟಿಗೇ ಓಡಿದ್ಲು, ವಾಪಸ್ ಬರ್ಲಿಲ್ಲ. ಪಾಪ, ಬಹಳ ಶಿಸ್ತಿನವಳು."

ಆ ಕೊನೆಯ ಮಾತಿಗೆ ಯಾರೂ ನಗುತ್ತಿರಲಿಲ್ಲ. "ಹರಟೆ ಸಾಕು" ಎಂದು ಮೇಲ್ವಿಚಾರಕ ಗದರುವನು.

ಆ ಬುಧವಾರ, ಹತ್ತಕ್ಕೆ ಇನ್ನೇನು ಐದು ನಿಮಿಷವಿರುವಾಗ, ಬೂಬು ಚೂರಿ ಕೆಳಗಿಟ್ಟಳು. ಒಂದೇ ಸಲ ಮೂಸಿದಳು. "ಏಳ್ರೇ!" ಗಂಟೆ ಹೊಡೆದದ್ದು ಆಮೇಲೆ. ಕಣ್ಣಿಗೆ ಸೂಜಿ ಚುಚ್ಚಿದಂತಾಯಿತು. ಹೊರಗೆ ಹಗ್ಗದ ಮೇಲಿನ ಏಪ್ರನ್ನುಗಳೆಲ್ಲ ಗೇಟಿನತ್ತ ಹಾರುತ್ತಿದ್ದವು. ಗೇಟಿನಲ್ಲಿ ನನ್ನ ಕೂಸು! ನಾನು ಅತ್ತಲೇ ನುಗ್ಗಿದೆ. ಬೂಬು ನನ್ನ ಜಡೆ ಹಿಡಿದು ಎಳೆದಳು.

"ನೀ ಹೋದ್ರೆ ಅದಕ್ಕೆ ಹಾಲು ಕೊಡೋರ್ಯಾರೇ? ನಡಿ ಗುಡ್ಡಕ್ಕೆ!"

ಒದ್ದೆ ಬಟ್ಟೆಯನ್ನು ನನ್ನ ಮೂಗಿಗೊತ್ತಿ, ಆ ಎಳೆಯುವ ಕಾಲಿನಲ್ಲೇ ನನ್ನನ್ನು ದಬ್ಬಿಕೊಂಡು ಹತ್ತಿದಳು. ಎದೆಯ ಹಾಲು ಅಂಗಿಯನ್ನು ತೋಯಿಸುತ್ತಿತ್ತು. ತಿರುಗಿ ನೋಡಿದರೆ ಗೇಟನ್ನು ಬಿಳಿಯ ಹೊಗೆ ನುಂಗಿತ್ತು.

ಗುಡ್ಡದ ಚರ್ಚಿನ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಆರಿದ ಚಹಾದಲ್ಲಿ ಅದ್ದಿದ ದುಪಟ್ಟಾವನ್ನು ಕೂಸಿನ ಮುಖದ ಬಳಿ ಹಿಡಿದಿದ್ದರು; ಮಡಿಲಲ್ಲಿ ಅದು ಚೀರುತ್ತಿತ್ತು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿರಲಿಲ್ಲ.

"ಗಂಟೆ ಕೇಳಿ ಬಂದ್ರಾ ಅತ್ತೆ?"

"ಅಯ್ಯೋ, ಗಂಟೆಗೆ ಕಾಯ್ತಾರೇನೇ? ಮೂಗಿಗೆ ಘಾಟು ಬಡೀತು, ಬಟ್ಟೆ ನೋಡ್ದೆ, ಹತ್ತಿಬಿಟ್ಟೆ. ನಿಮ್ ಬೂಬು ದಿನಾ ಕೊರೀತಿದ್ಲಲ್ಲ!"

ಬೂಬು ಮೆಟ್ಟಿಲಿಗೆ ಕುಸಿದು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಮುಗಿಸಿ, ಆಮೇಲೆ ಅತ್ತಳು. ಫಲಕ ನಂಬಿ ಗೇಟಿಗೆ ಓಡಿದ್ದ ಇಬ್ಬರು ಗುಮಾಸ್ತರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು.

ಈಗ ನಾನೂ ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲಿ ನಿಂತು ಮೂಸುತ್ತೇನೆ. ಇಂಥ ಜೀವಗಳು ತಮ್ಮ ಭಯವನ್ನು ಮುಚ್ಚಿಡುವುದಿಲ್ಲ, ಗೆಣಸಿನ ಹೋಳಿನ ಜೊತೆ ದಿನವೂ ಒಂದಿಷ್ಟು ಹಂಚುತ್ತವೆ. ಪಕ್ಕದಲ್ಲಿ ಸುಮ್ಮನೆ ಕೂತು ಕೇಳಿದವರಿಗೂ ಒಂದು ಪಾಲು ಸಿಕ್ಕಿರುತ್ತದೆ.